ಕೂದಲೆಳೆ ನಿಬ್ಬಿಗೆ ಇಳಿಯದ ಇಂಕು

೩ನೇ ತಾರೀಖು, ಬೆಳಿಗ್ಗೆ

ಇವತ್ತೂ ಅದೇ ಗೋಳು. ಮಗ ತಾನೇ ಕಲಸಿ ಸೋಸಿದ ನೀಲಿ ಇಂಕನ್ನು ಎಕ್ಸ್‌ಟ್ರಾ ಫೈನ್ ಪೆನ್ನಿಗೆ ತುಂಬಿಕೊಟ್ಟ. ಅರ್ಧ ಹಾಳೆ ಬರುವಷ್ಟರಲ್ಲಿ ಬರೀ ಗೀರು. ಕೂದಲೆಳೆಯಂಥ ನಿಬ್ಬು, ಅದರ ಗಂಟಲಲ್ಲಿ ಇವನ ಇಂಕು ಇಳಿಯುವುದಿಲ್ಲ. ಪರೀಕ್ಷೆಗೆ ನಾನೇ ಬೇಕಂತೆ — ಸ್ಲೇಟಿನ ಮೇಲೆ ತಿದ್ದಿದ ಕೈ, ಅಕ್ಷರ ಇರುವೆ ಸಾಲು. ನಾಲ್ಕನೇ ಕ್ಲಾಸು ಈ ವಯಸ್ಸಿಗೆ ಕೆಲಸಕ್ಕೆ ಬಂತು!

"ಹೇಗಿದೆ ಅಮ್ಮಾ?"

"ಕೋಳಿ ಕೆದರಿದ ಹಾಗಿದೆ."

ಮುಖ ಬಾಡಿತು. ನಾಲಿಗೆ ಕಚ್ಚಿಕೊಂಡೆ. ತಡವಾಗಿ.

೪

ಕೆಲಸಕ್ಕಿದ್ದ ಪೆನ್ನಿನ ಕಾರ್ಖಾನೆ ಮುಚ್ಚಿದ ಮೇಲೆ ಮಗ ಸ್ನಾನವನ್ನೂ ಬಿಟ್ಟು ಕೂತಿದ್ದ. ಎಬ್ಬಿಸಿದ್ದು ಈ ಇಂಕು. ದೊಡ್ಡ ಪೆನ್ನಂಗಡಿಯ ಯಜಮಾನರು ಒಂಬತ್ತನೇ ತಾರೀಖು ಬರುತ್ತಾರೆ. ಸಣ್ಣ ನಿಬ್ಬಿನಲ್ಲಿ ಹರಿದರೆ ಅಂಗಡಿಯಲ್ಲಿಡುತ್ತಾರೆ. ಇಲ್ಲವಾದರೆ... ಈ ಸಲ ಕೂತರೆ ಇವನು ಏಳುವವನಲ್ಲ. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ?

ಊಟ ಮುಟ್ಟಲಿಲ್ಲ. "ಇನ್ನೊಂದ್ಸಲ ಸೋಸ್ತೀನಿ. ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಮ್ಮಾ, ಎಲ್ಲಾ."

ಆ 'ಎಲ್ಲಾ' ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿದೆ.

೫, ಮಧ್ಯಾಹ್ನ

ಮಾಡಿಬಿಟ್ಟೆ. ಮಗ ಹೊರಗೆ ಹೋದಾಗ, ಪರೀಕ್ಷೆಗೆ ಇಟ್ಟಿದ್ದ ಬಟ್ಟಲಿನ ಇಂಕಿಗೆ ಪಾತ್ರೆ ತೊಳೆಯುವ ಸೋಪಿನ ನೀರು — ಬೆಂಕಿಕಡ್ಡಿಯ ತುದಿಯಲ್ಲಿ. ಜಿಡ್ಡನ್ನೇ ಜಾರಿಸುವುದು ಇಂಕನ್ನು ಜಾರಿಸದೇ? ಜಾರಿಸಿತು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡೀ ಹಾಳೆ ಬರೆದೆ.

ಮಗ ಹಾಳೆ ನೋಡಿ ಅತ್ತೇಬಿಟ್ಟ. "ನಿನ್ನೆ ಸೋಸಿದ್ದು ಕೈ ಹಿಡೀತಮ್ಮಾ!"

ಹೌದಪ್ಪಾ ಅಂದೆ. ಎರಡು ಸಲ ಬಡಿಸಿಕೊಂಡು ಉಂಡ. ನಾನು ಆ ಬೆಂಕಿಕಡ್ಡಿಯನ್ನು ಕಸದ ಬುಟ್ಟಿಯ ತಳಕ್ಕೆ ತಳ್ಳಿದೆ.

೮, ಸಂಜೆ

ಆವತ್ತು ಸೋಸಿ ಪಾತ್ರೆಯಲ್ಲಿ ಉಳಿದಿದ್ದ ಇಂಕನ್ನು ಮಗ ಬಾಟಲಿಗಳಿಗೆ ತುಂಬಿ ಸೀಲು ಹಾಕಿದ್ದಾನೆ. ಒಂದರಲ್ಲೂ ಸೋಪಿಲ್ಲ. ನಾಳೆ ಯಜಮಾನರು ಸೀಲು ತೆಗೆದು ತಮ್ಮದೇ ಪೆನ್ನಿಗೆ ತುಂಬಿಸಿ ನೋಡುತ್ತಾರಂತೆ.

ಮೊಮ್ಮಗಳು ಲೇಬಲ್ ಅಂಟಿಸುತ್ತಾ, "ಅಜ್ಜೀ, ಇದ್ರ ಮೇಲೆ ನಿನ್ ಫೋಟೋ ಹಾಕೋಣ್ವಾ? ನೋಡಿದ್ರೆ ಇಂಕು ಹೆದ್ರಿಕೊಂಡು ಹರಿಯುತ್ತೆ!" ಅಂದಳು.

ಬೇರೆ ದಿನವಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಸೋಪಿನ ವಿಷಯ ಹೇಳಿಬಿಟ್ಟೆ, ಅಪ್ಪ ಮಗಳು ಇಬ್ಬರ ಎದುರಿಗೇ.

ಮಗ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ. ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಷ್ಟು ಹಾಕ್ದೆ?"

"ಉಪ್ಪನ್ನೇ ಅಳೆದು ಹಾಕಿದವಳಲ್ಲ ಕಣೋ ನಾನು. ಕಡ್ಡಿ ತುದೀಲಿ..."

"ಯಾವ ತುದಿ? ಮದ್ದಿರೋ ಕಡೆನಾ?"

ನೆನಪಾಗಲಿಲ್ಲ. ಸುಟ್ಟ ಬುದ್ಧಿ!

೯, ಬೆಳಿಗ್ಗೆ

ನಿನ್ನೆ ಸಂಜೆಯಿಂದ ಇಂಕಿಗೆ ಸೋಪು ಕಲಸುತ್ತಲೇ ಇದ್ದಾನೆ. ಸೋಪು ಹೆಚ್ಚಾದರೆ ಇಂಕು ಹರಡಿ ಅಕ್ಷರಕ್ಕೆಲ್ಲ ಮೀಸೆ ಮೂಡುತ್ತದೆ. ಕಡಿಮೆಯಾದರೆ ಗೀರು. ಬರೆದು ಬರೆದು ಬೆರಳು ಸೆಟೆದಿವೆ. ಮಗನ ಕಣ್ಣು ಕೆಂಡ.

ಮೊಮ್ಮಗಳು ಕಿಟಕಿಯಿಂದ — "ಅಪ್ಪಾ, ಕಾರು ಬಂತು."

ಕೊನೆಯ ಬಟ್ಟಲಿನಿಂದ ಪೆನ್ನು ತುಂಬಿ ನನ್ನ ಕೈಗಿಟ್ಟ. "ಬರಿ ಅಮ್ಮಾ. ಏನಾದ್ರೂ ಬರಿ." ಹಾಳೆಗಳೆಲ್ಲ ಮುಗಿದಿವೆ. ಪೆನ್ಸಿಲ್ ಬಿಟ್ಟು ಈ ಪುಸ್ತಕದಲ್ಲೇ ಬರೆಯುತ್ತಿದ್ದೇನೆ, ಇಗೋ, ಇಂಕಿನಲ್ಲಿ. ಬರುತ್ತಿದೆ. ಮೀಸೆ ಇಲ್ಲ. ಮಗ ಉಸಿರು ಬಿಡುತ್ತಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಇಂಕೇ, ನನ್ನ ತಾಯಿ, ಇನ್ನೊಂದು ಸಾಲು ಹರಿ, ನನ್ನ ಮಗ