ಮೊದಲ ಬಸ್ಸಿಗೆ ಒಂದು ಸ್ಕ್ರಿಪ್ಟು

ಜೂನ್ ೪, ೨೦೦೭. ಸೋಮವಾರ, ಬೆಳಿಗ್ಗೆ ೭. ಬಸವನ ಬಾಗೇವಾಡಿ

ಚೆಕ್ ಶುರು. ಇನ್ನು ಮೂರು ತಾಸು ನಾನು, ಸರ್ವರ್, ಸೊಳ್ಳೆ.

ಬೀಜ ಬೆಳೆಗಾರರ ಸಂಘದ ಕಾಗದವೆಲ್ಲ ಸ್ಕ್ಯಾನ್ ಆಗಿ ಈ ಡಬ್ಬಿಯೊಳಗೆ ಕೂತಿದೆ. ಒಂದೇ ಡಿಸ್ಕು, ನಾಲ್ಕು ಪಾಲು — ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಪಾಲಿಗೆ ಲಾಜಿಕಲ್ ವಾಲ್ಯೂಮ್ ಎಂದು ಹೆಸರು. ಲಾಜಿಕ್ ಯಾರಿಗೂ ಗೊತ್ತಿಲ್ಲ. ವಾಲ್ಯೂಮ್ ಮಾತ್ರ ಮ್ಯಾನೇಜರ್ ಅನೀಲಕುಮಾರನ ಗಂಟಲಲ್ಲಿದೆ. ಕರೆಂಟು ಹೋಗಿ ಒಮ್ಮೆ ಫೈಲುಗಳು ಕೆಟ್ಟವು. ಅಂದಿನಿಂದ ಕೌಂಟರ್ ತೆರೆಯುವ ಮುಂಚೆ ದಿನಾ ನಾಲ್ಕರದೂ ತಪಾಸಣೆ. ಹಳೆಯ ಆಪರೇಟರ್ ಬರೆದಿಟ್ಟು ಹೋದ ಸ್ಕ್ರಿಪ್ಟು, ನಡುನಡುವೆ ಪ್ರಶ್ನೆ ಕೇಳುತ್ತದೆ. ವೈ ಒತ್ತಲು ಒಬ್ಬ ಬಿ.ಎಸ್ಸಿ. ಬೇಕು. ವೈ ಎಂದರೆ ಯಸ್. ನಾನು "ವೈ?" ಎಂದು ಕೇಳಿಕೊಂಡೇ ಒತ್ತುತ್ತೇನೆ.

ಹೆಂಡತಿ ರಾಜೇಶ್ವರಿ ಮುದ್ದೇಬಿಹಾಳದಲ್ಲಿ, ಹೈಸ್ಕೂಲ್ ಟೀಚರ್. ರಾಜಿ ಎನ್ನುತ್ತೇನೆ, ಯಾವ ರಾಜಿಗೂ ಒಪ್ಪುವವಳಲ್ಲ. ಅಲ್ಲಿಂದ ಮೊದಲ ಬಸ್ಸು ಇಲ್ಲಿ ಮುಟ್ಟುವುದು ಒಂಬತ್ತಕ್ಕೆ. ಚೆಕ್ ಏಳಕ್ಕೆ. ಹಾಗಾಗಿ ನಾನು ಭಾನುವಾರದ ಗಂಡ.

ಜೂನ್ ೫

ಕೇಳಿಯೇ ಬಿಟ್ಟೆ.

"ಸರ್, ಚೆಕ್ ಅರ್ಧ ತಾಸಿನ್ಯಾಗ ಮುಗೀತಂದ್ರ ಮುದ್ದೇಬಿಹಾಳದಾಗ ಇದ್ದು ಫಸ್ಟ್ ಬಸ್ಸಿಗೆ ಬರ್ಲೇನ್ರಿ?"

"ಮೊದ್ಲ ಮುಗಸು. ಆಮ್ಯಾಲ ಬಸ್ಸಿನ್ಯಾಗರ ಬಾ, ಬಂಡ್ಯಾಗರ ಬಾ," ಎಂದ ಅನೀಲಕುಮಾರ.

"ಖರೇ ಏನ್ರಿ?"

"ಸಿದ್ದಾರೂಢ, ನನ್ನ ಮಾತಂದ್ರ ಬಾಂಡ್ ಪೇಪರ್ ಐತಿಪಾ."

ಬಾಂಡ್ ಪೇಪರಿಗೆ ಸಹಿ ಎಂಬುದೊಂದು ಇರುತ್ತದೆ. ಇರಲಿ.

ಜೂನ್ ೮

ಬುದ್ಧಿವಂತಿಕೆ ಮಾಡಿದೆ. ಒಂದರ ಹಿಂದೊಂದು ಯಾಕೆ, ನಾಲ್ಕೂ ಒಟ್ಟಿಗೆ ಓಡಲಿ ಎಂದು ಓಡಿಸಿದೆ. ಮೂರು ತಾಸಿನ ಕೆಲಸ ಮಧ್ಯಾಹ್ನ ದಾಟಿತು. ತಾಲ್ಲೂಕು ನಾಲ್ಕಾದರೂ ಡಿಸ್ಕನ್ನು ಓದುವ ಮುಳ್ಳು ಒಂದೇ. ಇಂಡಿಯಲ್ಲಿ ಎರಡಕ್ಷರ ಓದಿ ಮುದ್ದೇಬಿಹಾಳಕ್ಕೆ ಹಾರಬೇಕು, ಅಲ್ಲಿಂದ ಸಿಂದಗಿಗೆ. ನಾಲ್ವರು ನೆಗೆಣ್ಣಿಯರು, ಒಂದೇ ಒಲೆ. ಯಾರ ರೊಟ್ಟಿಯೂ ಬೇಯಲಿಲ್ಲ.

ಹೊರಗೆ ರೈತರ ಸರತಿ. ಗೊಳಸಂಗಿಯ ಮಾಳಿಂಗಪ್ಪ ಕಿಟಕಿಯಲ್ಲಿ ಇಣುಕಿದ.

"ಏನ್ರಿ ಸಾಹೇಬ್ರ, ನಿಮ್ಮ ಮಷಿನ್ನಿಗೆ ಹೆರಿಗಿ ಬ್ಯಾನಿ ಏನು? ಸೂಲಗಿತ್ತಿನ್ನ ಕರಕೊಂಡ ಬರ್ಲ್ಯಾ?"

ಎಲ್ಲರೂ ನಕ್ಕರು. ನಗಿಸುವುದು ನನ್ನ ಕೆಲಸವಾಗಿತ್ತು ಈ ಆಫೀಸಿನಲ್ಲಿ.

ತಪಾಸಣೆಯ ಇಂಗ್ಲಿಷ್ ಕಮಾಂಡು ಎಫ್-ಎಸ್-ಸಿ-ಕೆ. ಅದರ ಎರಡನೆಯ ಅಕ್ಷರ ಬದಲಿಸಿ ಓದಿದರೆ ನನ್ನ ಇವತ್ತಿನ ಮನಃಸ್ಥಿತಿ.

ಜೂನ್ ೧೨

ಸಿಕ್ಕಿತು!

ಪ್ರತಿ ವಾಲ್ಯೂಮಿಗೂ ಸಿಸ್ಟಮ್ಮಿನಲ್ಲಿ ಎರಡು ಹೆಸರು. ನಮ್ಮಲ್ಲಿ ತೊಟ್ಟಿಲ ಹೆಸರು, ಸಾಲಿ ಹೆಸರು ಇದ್ದಂತೆ. ಮನೆಯಲ್ಲಿ ನಾನು ಅಪ್ಪು, ಹಾಜರಿಯಲ್ಲಿ ಸಿದ್ದಾರೂಢ — ಜನಗಣತಿಯವ ಇಬ್ಬರೆಂದು ಬರೆದುಕೊಂಡ ಹಾಗೆ, ಈ ಸ್ಕ್ರಿಪ್ಟು ಒಂದೊಂದನ್ನೂ ಎರಡೆರಡು ಸಲ ತಪಾಸಣೆ ಮಾಡುತ್ತಿತ್ತು. ಇಷ್ಟು ವರ್ಷ! ಒಂದು ಸಾಲು ಅಳಿಸಿದೆ. ಅರ್ಧ ಹೊತ್ತು ಉಳಿಯಿತು.

ಉಳಿದರ್ಧಕ್ಕೆ ಸ್ನ್ಯಾಪ್‌ಶಾಟ್. ವಾಲ್ಯೂಮಿನ ಫೋಟೋ ತೆಗೆದುಕೊಂಡು, ಕೌಂಟರ್ ನಡೆದಿರುವಾಗಲೇ ಆ ಫೋಟೋದ ತಪಾಸಣೆ, ದಿನಕ್ಕೊಂದು ತಾಲ್ಲೂಕು. ಫೋಟೋ ಸರಿ ಇದ್ದರೆ ಹುಡುಗಿಯೂ ಸರಿ — ಈ ಮಾತು ನಿಜವಾಗುವುದು ಇಲ್ಲಿ ಮಾತ್ರ. ಬೆಳಗಿನ ಪಾಲಿಗೆ ಮೇಲುಮೇಲಿನ ಒಂದು ನೋಟ. ಪ್ರಶ್ನೆಗಳನ್ನೂ ಕಿತ್ತೆಸೆದೆ. ದೋಷ ಕಂಡರಷ್ಟೇ ಕೂಗುತ್ತದೆ. ಯಾರೂ ಕೂರಬೇಕಿಲ್ಲ.

ಜೂನ್ ೧೪, ಸಂಜೆ

ಬೆಳಿಗ್ಗೆ ಚಹಾ ಆರುವ ಮೊದಲೇ ಚೆಕ್ ಮುಗಿದಿತ್ತು. ರಾಜಿಗೆ ಫೋನ್.

ಇಲ್ಲಿಯ ಸಾಲಿಯ ಇಂದುಬಾಯಿ ಟೀಚರಿಗೆ ಮುದ್ದೇಬಿಹಾಳ ಬೇಕು. ಅವರು ಅಲ್ಲಿಗೆ, ರಾಜಿ ಇಲ್ಲಿಗೆ — ಮ್ಯೂಚುವಲ್ ಟ್ರಾನ್ಸ್‌ಫರ್. ಅರ್ಜಿ ತಯಾರಿದೆ.

"ನಾಳೆ ಕಡೀ ದಿನಾ ರೀ. ಸಹಿ ಮಾಡ್ಲೋ ಬ್ಯಾಡೋ?"

"ಬ್ಯಾಡ. ನಿನ್ನ ಸಾಲಿ ನೀ ಯಾಕ ಬಿಡ್ತಿ? ನಾನ ಬರ್ತೇನಿ."

"ಬರದು ಕೊಟ್ಟಾರೇನು?"

"ಮಾತು ಕೊಟ್ಟಾರ."

"ಮಾತು ನೀವೂ ಭಾಳ ಕೊಡ್ತೀರಿ." ನಕ್ಕಳು. "ಆತು, ನಿಮ್ಮ ಮ್ಯಾಲ ಭಾರ."

ಜೂನ್ ೧೮, ಸೋಮವಾರ

ಚೇರ್ಮನ್ ಬಸಂತರಾಯರು ಬಂದರು. ಶಾಲು ಹೊದಿಸಿದರು. ಚಪ್ಪಾಳೆ.

"ಮೂರು ತಾಸಿನ ಕೆಲಸ ಚಹಾದಾಗ ಮುಗಸ್ತಿಯಂತಲ್ಲೋ?"

"ಹೌದ್ರಿ."

"ಹಂಗಾರ ಇಲ್ಲಿ ನಿನಗ ಕೆಲಸ ಏನೈತಿ?"

ನಕ್ಕೆ. ಅವರು ನಗಲಿಲ್ಲ.

"ಇಂಡಿ ಗೋದಾಮಿನಾಗೂ ಒಂದು ಸರ್ವರ್ ಐತಿ. ಹನ್ನೆರಡಾದ್ರೂ ಏಳೂದಿಲ್ಲ. ನಾಳೆ ಅಲ್ಲಿಗೆ ಹೋಗು. ಅದಾದ ಮ್ಯಾಲ ಸಿಂದಗಿದು."

ಅನೀಲಕುಮಾರನತ್ತ ನೋಡಿದೆ. ಅವನು ನನ್ನ ಶಾಲಿನ ಅಂಚು ಸರಿಮಾಡುತ್ತಿದ್ದ.

"ಸರ್, ಮುದ್ದೇಬಿಹಾಳ…"

"ಅಲ್ಲಿ ಯಾವ ಸರ್ವರ್ ಐತಿ?" ಎಂದರು ಬಸಂತರಾಯರು.

ಹೆಂಡತಿ ಇದ್ದಾಳೆ ಎನ್ನಲು ಬಾಯಿ ಬರಲಿಲ್ಲ. ಊರನ್ನೆಲ್ಲ ಆಡಿಕೊಳ್ಳುವ ಬಾಯಿ.

ಬರೆದದ್ದು ಶೆಲ್ ಸ್ಕ್ರಿಪ್ಟು. ಶೆಲ್ ಎಂದರೆ ಚಿಪ್ಪು. ಕೈಗೆ ಬಂದದ್ದೂ ಅದೇ.

ಜೂನ್ ೨೦. ಇಂಡಿ

ಸುದ್ದಿ ಕೇಳಿದ ಕೂಡಲೇ ರಾಜಿ ಇಂದುಬಾಯಿಯವರ ಹತ್ತಿರ ಹೋಗಿದ್ದಳಂತೆ. ಅವರು ಕೊನೆಯ ದಿನವೇ ಮುದ್ದೇಬಿಹಾಳದ ಹತ್ತಿರದ ತಂಗಡಗಿ ಊರಿನ ಟೀಚರ್ ಜೊತೆ ಮ್ಯೂಚುವಲ್ ಮಾಡಿಕೊಂಡಾಗಿದೆ. ಇವಳು ಒಲ್ಲೆ ಎಂದ ಮೇಲೆ ಅವರಾದರೂ ಏನು ಮಾಡಬೇಕು.

ನನಗೆ ಬೈಯಲಿಲ್ಲ. ಬೈದಿದ್ದರೆ ಏನಾದರೊಂದು ಚಾಟೂಕ್ತಿ ಹೇಳುತ್ತಿದ್ದೆ.

ಜುಲೈ ೧೧

ಇಲ್ಲಿಯೂ ಅದೇ ಪುಣ್ಯಾತ್ಮನ ಸ್ಕ್ರಿಪ್ಟು. ಅದೇ ಎರಡೆರಡು ಎಣಿಕೆ. ಅಳಿಸಬೇಕಾದ ಸಾಲು ಯಾವುದೆಂದು ಬಂದ ದಿನವೇ ಗೊತ್ತಿತ್ತು. ಅಳಿಸಿಲ್ಲ.

ಮುಗಿಸಿದರೆ ಸಿಂದಗಿ. ಮುಗಿಸದಿದ್ದರೆ ಇಂಡಿ. ಇಲ್ಲಿಂದ ಮುದ್ದೇಬಿಹಾಳಕ್ಕೆ ಬಸ್ಸು ಬದಲಿಸಿ ಬದಲಿಸಿ ಮುಟ್ಟುವಷ್ಟರಲ್ಲಿ ಭಾನುವಾರವೇ ಮುಗಿದಿರುತ್ತದೆ. ಎರಡು ಭಾನುವಾರ ಹೋಗಲೇ ಇಲ್ಲ.

ಅನೀಲಕುಮಾರನ ಫೋನು. "ಯಾಕೋ, ಅಲ್ಲಿ ಇನ್ನೂ ಚಹಾ ಆರಿಲ್ಲೇನು?"

ನನ್ನ ಧಾಟಿಯನ್ನು ಇವನೂ ಕಲಿತ.

ಜುಲೈ ೨೫, ಬುಧವಾರ

ರಾಜಿಯ ಫೋನು, ಸಾಲಿಯಿಂದ.

"ಇಬ್ಬರಿಗಂತ ದೊಡ್ಡ ಮನಿ ಹಿಡದಿದ್ನಲ್ಲಾ… ಮಾಲಕರು ಕೇಳಾಕತ್ತಾರ, ನಿಮ್ಮ ಮನಿಯವರು ಬರೂದು ಖರೇ ಏನಂತ."

"ಚೆಕ್ ನಡದೈತಿ. ಇದೊಂದು ಮುಗೀತಂದ್ರ—"

"ಚೆಕ್ ಬ್ಯಾಡ್ರಿ ನನಗ. ಒಂದು ತಾರೀಖ ಹೇಳ್ರಿ."

"ಏಪ್ರಿಲ್ ಒಂದು ಆದೀತೇನು?"

ನಗಲಿಲ್ಲ. "ನಗಸಬ್ಯಾಡ್ರಿ. ತಾರೀಖ ಅಷ್ಟ ಹೇಳ್ರಿ. ನಾ ಹಿಡಕೊಂಡಿರ್ತೇನಿ."

ಡೈರಿ ನೋಡಿ ಹೇಳುತ್ತೇನೆ ಎಂದೆ. ಹಿಡಿದುಕೊಂಡೇ ಇದ್ದಾಳೆ, ಹುಡುಗಿಯರ ಗದ್ದಲ ಕೇಳಿಸುತ್ತಿದೆ. ಆಗಸ್ಟ್ ತಿರುವಿದೆ. ಸೆಪ್ಟೆಂಬರ್… ಇಂಡಿ ಮುಗಿದರೆ ಸಿಂದಗಿ, ಸಿಂದಗಿ ಮುಗಿದರೆ… ಪೆನ್ನು ಕೈಯಲ್ಲೇ ಇದೆ, ತಾರೀಖಿನ ಬದಲು ಇದನ್ನೇ ಬರೆಯುತ್ತಿದೆ. "ಹಲೋ?" ಎನ್ನುತ್ತಿದ್ದಾಳೆ. ಒಂದು ತಾರೀಖು. ಯಾವುದಾದರೂ. ಹೇಳುತ್ತೇನೆ, ರಾಜಿ, ಬರುವ…