ಮೌನೇಶಣ್ಣ ಹೊಲಿದ ತಿದಿ

ಗದಗ
ಫೆಬ್ರುವರಿ ೩೦, ೨೧೯೪

ಹಿಂದಿನ ಕಾಲದ ಬಂಧುಗಳೇ,

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಹಳೆಯ ಪುಸ್ತಕಗಳಿಂದ.

ನಮ್ಮ ಕಾಲದಲ್ಲಿ ಪ್ರತಿ ಬೀದಿಗೂ ಪ್ರತಿ ನಡುಮನೆಗೂ ಒಂದು ಊರಗಣ್ಣು ಇರುತ್ತದೆ. ಅದು ಕಂಡದ್ದೆಲ್ಲ ಕೂಡಲೇ ನಮ್ಮನ್ನಾಳುವ ಮಂಡಳಿಗೆ ಹೋಗುತ್ತದೆ. ಯಾರು ಯಾರನ್ನು ಮದುವೆಯಾಗಬೇಕೆಂದು ಗೊತ್ತುಮಾಡುವುದೂ ಮಂಡಳಿಯೇ. ಆ ಅಪ್ಪಣೆಗೆ ಜೋಡಿಕಟ್ಟು ಎನ್ನುತ್ತೇವೆ. ಇಂಥ ಕಾಲದಲ್ಲಿ ಹಿರಿಯರಿಂದ ನನಗೆ ಬಂದ ಆಸ್ತಿಯೆಂದರೆ ಒಂದು ಮಡಿಚುವ ಕ್ಯಾಮೆರಾ. ಮುಚ್ಚಿದರೆ ಸೆರಗಿನ ಮರೆಯಲ್ಲಿ ಅಡಗುವಷ್ಟು ಚಿಕ್ಕದು. ಗುಂಡಿ ಒತ್ತಿದರೆ ಮುಂದಿನ ಬಾಗಿಲು ಟಕ್ಕೆಂದು ತೆರೆದು, ಕಮ್ಮಾರನ ತಿದಿಯಂಥ ಚರ್ಮದ ಮಡಿಕೆಗಳು ಚಾಚಿಕೊಂಡು, ಮಸೂರ ಹೊರಬಂದು ನಿಲ್ಲುತ್ತದೆ. ಮೂರು ಬೆರಳಗಲದ ಫಿಲ್ಮು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಬೆನ್ನಿನ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿಕೊಂಡು ಕೈಯಿಂದಲೇ ತಿರುಗಿಸಬೇಕು. ನೆಗೆಟಿವ್ ಎಷ್ಟು ದೊಡ್ಡದೆಂದರೆ, ಕಿಟಕಿಗೆ ಹಿಡಿದರೆ ಕಣ್ಣರೆಪ್ಪೆಯ ಕೂದಲೂ ಕಾಣುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ. ಜೋಡಿಕಟ್ಟಿಲ್ಲದೆ ಮದುವೆಯಾದವರು, ತಮ್ಮದೂ ಮದುವೆ ಎನ್ನಲು ಒಂದು ಫೋಟೋ ಇರಲೆಂದು, ಊರಗಣ್ಣಿಲ್ಲದ ನನ್ನ ಹಿತ್ತಿಲಿಗೆ ಬರುತ್ತಿದ್ದರು.

ಕಳೆದ ವರ್ಷ ತಿದಿಯ ಚರ್ಮ ಹರಿಯಿತು. ನಮ್ಮ ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಮೌನೇಶಣ್ಣನಿಗೆ ಕೊಟ್ಟೆ. ಅವನು ಒಡಹುಟ್ಟಿದವನಲ್ಲ, ಆದರೆ ನಾಗರಪಂಚಮಿ ಬಂದರೆ ನನಗೆ ಸೀರೆ ತರುತ್ತಿದ್ದವನು ಅವನೇ. ಮೇಕೆಯ ಚರ್ಮದಲ್ಲಿ ಹೊಸ ತಿದಿ ಹೊಲಿದುಕೊಟ್ಟ.

ಆಮೇಲೆ ಬಂದ ಮೊದಲ ಜೋಡಿ ತೀರ ಎಳೆಯರು. ಹುಡುಗಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವಳು ಸುಮ್ಮನಾಗಲೆಂದು ಕಾಯುತ್ತ ನಾನೂ ನಕ್ಕೆ. ವಾರ ಕಳೆಯುವುದರೊಳಗೆ ಮಂಡಳಿಯವರು ಅವಳನ್ನು ಬೇರೆ ಊರಿಗೆ ಒಯ್ದರು. ಯಾವ ಊರೆಂದು ಹೇಳಲಿಲ್ಲ. ಹುಡುಗ ಬಂದು ನನ್ನ ಬಾಗಿಲಲ್ಲಿ ನಿಂತ.

“ನಿಮ್ಮ ಕ್ಯಾಮೆರಾ ಯಾರಿಗೂ ಹೇಳಂಗಿಲ್ಲ ಅಂದಿದ್ರಿ, ಅಕ್ಕಾರ,” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನಿಗೆ ಫೋಟೋವನ್ನಾದರೂ ಕೊಡೋಣವೆಂದು ಸುರುಳಿ ತೊಳೆದೆ. ಪ್ರತಿ ಚಿತ್ರದ ಅದೇ ಮೂಲೆಯಲ್ಲಿ, ಬೆಳಕು ತಾಗದ, ಜೋಳದ ಕಾಳಿನಷ್ಟು ಕಲೆ. ಹಳೆಯ ಸುರುಳಿಗಳಲ್ಲಿ ಅದಿರಲಿಲ್ಲ. ತಿದಿಯೊಳಗೆ ಬೆರಳಾಡಿಸಿದೆ. ಮಡಿಕೆಯೊಂದರಲ್ಲಿ ಊರಗಣ್ಣಿನ ಮರಿ ಅಂಟಿಕೊಂಡಿತ್ತು.

ಕ್ಯಾಮೆರಾವನ್ನು ಅಂಗಡಿಗೆ ಒಯ್ದು ತೋರಿಸಿದೆ. ಮೌನೇಶಣ್ಣ ಅಲ್ಲಗಳೆಯಲಿಲ್ಲ. “ಅಂಗಡಿ ಮುಚ್ಚಸ್ತೀವಿ ಅಂದ್ರು, ತಂಗಿ. ನಾ ಏನ್ ಮಾಡ್ಲಿ?” ಎಂದ. ತಿದಿಯನ್ನು ಬೆಳಕಿಗೆ ಹಿಡಿದು, “ಆದ್ರ ತಿದಿ ಮಾತ್ರ ಚಲೋ ಹೊಲದೀನಿ ನೋಡು. ಒಂದ್ ಚೂರೂ ಬೆಳಕು ಸೋರಂಗಿಲ್ಲ,” ಎಂದ.

ಅದು ನಿಜವಾಗಿತ್ತು. ಅಷ್ಟು ಅಂದವಾದ ಹೊಲಿಗೆಯನ್ನು ನಾನು ಕಂಡಿರಲಿಲ್ಲ. ಅಷ್ಟು ಪ್ರೀತಿಯಿಂದ ಹೊಲಿದವನು ಆ ಕಣ್ಣನ್ನೂ ಇಟ್ಟು ಹೊಲಿದನಲ್ಲ ಎಂದು ಅಲ್ಲೇ ಅವನ ಕಣ್ಣೆದುರು ಅತ್ತೆ. ಮನೆಗೆ ಬಂದು ತಿದಿಯನ್ನು ಕತ್ತರಿಸಿ ತೆಗೆದೆ. ಹುಡುಗ ಫೋಟೋ ಅಂಗಿಯೊಳಗಿಟ್ಟುಕೊಂಡು ಅವಳನ್ನು ಹುಡುಕುತ್ತ ಹೋದ, ಇನ್ನೂ ಬಂದಿಲ್ಲ.

ನಿಮ್ಮ ಅಟ್ಟದಲ್ಲಿ ಇಂಥ ಕ್ಯಾಮೆರಾ ಇದ್ದರೆ ಗುಜರಿಗೆ ಹಾಕಬೇಡಿ. ತಿದಿ ಹೊಲಿಯುವುದನ್ನು ನೀವೇ ಕಲಿಯಿರಿ, ಮಕ್ಕಳಿಗೂ ಕಲಿಸಿ. ಆ ಇಬ್ಬರ ಹೆಸರನ್ನು ಇಲ್ಲಿ ಬರೆದಿಲ್ಲ, ನನ್ನದನ್ನೂ ಬರೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ನೀವು ಒಳ್ಳೆಯವರೇ ಇರಬಹುದು. ಮೌನೇಶಣ್ಣನೂ ಒಳ್ಳೆಯವನೇ.