ಖಾಲಿ ಕುರ್ಚಿಗಳಿಗೆ ಮಾತಾಡಿದ ರಾಣಿ

೧೪ ಮಾರ್ಚ್, ಶುಕ್ರವಾರ

ನಿನ್ನೆ ಮಗಳು ಅನು ಮದ್ದೂರಿಂದ ಬಂದವಳು ಟೀವಿಯಲ್ಲಿ ಹಾಕಿದ ಸಿನಿಮಾದ ರಾಣಿ ಕಣ್ಣಿಂದ ಮರೆಯಾಗುತ್ತಿಲ್ಲ. ನಕ್ಷತ್ರಗಳಾಚೆಯ ಲೋಕದ ಒಡತಿ. ಸಿಂಹಾಸನ ಬಿಟ್ಟು, ಓಟು ಕೇಳಿ ಗೆದ್ದು, ಗ್ರಹಗಳ ಮಹಾಸಭೆಗೆ ಹೋದಳು. ಅವಳು ಮಾತಿಗೆ ಎದ್ದಾಗ ಎಲ್ಲರೂ ಹೊರನಡೆದರು. ಆದರೂ ಖಾಲಿ ಕುರ್ಚಿಗಳಿಗೇ ತನ್ನ ಜನರ ಕಷ್ಟ ಹೇಳಿದಳು. ಅಬ್ಬಾ, ಎಂಥ ಎದೆಗಾರಿಕೆ!

ಸಿನಿಮಾ ಮುಗಿದಾಗ ಅತ್ತೆ ನನ್ನ ಕಡೆ ತಿರುಗಿ, "ನೀನೂ ಪಂಚಾಯ್ತಿ ಮೆಂಬರಲ್ವೇನಮ್ಮಿ? ನಿನ್ ಬಾಯ್ಗೇನಾಗದೆ?" ಅಂದರು.

ಇವತ್ತು ಪಂಚಾಯ್ತಿ ಸಭೆಯಲ್ಲಿ ಎಂದಿನಂತೆ ನನ್ನ ಬದಲು ನಮ್ಮ ಯಜಮಾನರೇ ಮಾತು ತೆಗೆದರು. ನಾನು ಎದ್ದೆ.

"ನೀವು ಕೂತ್ಕಳಿ. ಮೆಂಬರು ನಾನು."

ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನಲ್ಲಿ ಕೇಳಿದೆ. ಕಾರ್ಯದರ್ಶಿ ಬರೆದುಕೊಳ್ಳುತ್ತಾ, "ನಿಮ್ಮ ಹೆಸರೇನಮ್ಮ?" ಎಂದರು.

"ಜಯಶೀಲಾ."

ನನ್ನ ಹೆಸರನ್ನು ಇಷ್ಟು ಗಟ್ಟಿಯಾಗಿ ಹಿಂದೆಂದೂ ಹೇಳಿದ ನೆನಪಿಲ್ಲ.